ಅಡ್ಡಗೀರು

ಕೊರೆದ ತಗಡಿಗೆ ಬಣ್ಣ ಬಳಿದು ಹಾಳೆಗೆ ಒತ್ತಿ ಅಚ್ಚುಚಿತ್ರ ಮಾಡುವ ತಂಗಿಗೆ ಅಕ್ಕ ಇಟ್ಟ ಅಡ್ಡಹೆಸರು ಮಸಿ. ಎಷ್ಟು ತಿಕ್ಕಿ ತೊಳೆದರೂ ಅವಳ ಉಗುರಿನ ಸಂದಿಯಲ್ಲಿ ಕಪ್ಪು ಉಳಿಯುತ್ತಿತ್ತಲ್ಲ, ಅದಕ್ಕೆ. ಅಕ್ಕ ದರ್ಜಿ. ಊರವರ ಅಳತೆಯೆಲ್ಲ ಅವಳ ಬಾಯಲ್ಲೇ ಇರುತ್ತಿತ್ತು, ಅವಳ ಅಳತೆ ಕೇಳಿದವರು ಮಾತ್ರ ಯಾರೂ ಇಲ್ಲ.

ಮಸಿಗೆ ತನ್ನದೇ ಚಿತ್ರ ಮಾಡಿಕೊಳ್ಳುವ ಹುಚ್ಚು ಹಿಡಿಯಿತು. ಕನ್ನಡಿಯ ಮುಂದೆ ಕೂತರೆ ಮುಖ ಗಂಟು ಹಾಕಿಕೊಳ್ಳುತ್ತಿತ್ತು. ಹೇಗೂ ಇಬ್ಬರದೂ ಒಂದೇ ಮೂಗು, ಒಂದೇ ಗಲ್ಲ. ಅಂಗಡಿ ಮುಚ್ಚಿ ಬಂದ ಅಕ್ಕನನ್ನು ಸಂಜೆಸಂಜೆ ಎದುರಿಗೆ ಕೂರಿಸಿಕೊಂಡಳು. ಮುಖವನ್ನು ತಾಮ್ರದ ತಗಡಿನಲ್ಲಿ ಕೊರೆದಳು, ಹೆಗಲನ್ನು ಮರದ ಹಲಗೆಯಲ್ಲಿ ಕೆತ್ತಿದಳು. ಅಕ್ಕನ ಅಂಗಡಿಯ ಲೇಸಿನ ಚೂರುಗಳಿಗೆ ಬಣ್ಣ ಬಳಿದು ಹಿನ್ನೆಲೆಗೆ ಒತ್ತಿದಳು. ಮೂರೂ ಒಂದೇ ಹಾಳೆಯ ಮೇಲೆ ಬಂದಾಗ, ಅದರ ಕೆಳಗೆ ಪೆನ್ಸಿಲಿನಲ್ಲಿ 'ನಾನು' ಎಂದು ಬರೆದಳು.

ಪ್ರದರ್ಶನಕ್ಕೆ ಅಕ್ಕ ಹೊಸ ಬಟ್ಟೆ ತೊಟ್ಟು ಬಂದಳು. ಚಿತ್ರದ ಕೆಳಗಿದ್ದ 'ನಾನು' ಎಂಬ ಹೆಸರನ್ನು ಓದಿದಳು. ಹೊಟ್ಟೆಗೆ ಹಾಕಿಕೊಂಡಳು.

"ನನಗೂ ಒಂದು ಕೊಡೇ, ಅಂಗಡೀಲಿ ಹಾಕ್ಕೋತೀನಿ" ಎಂದಳು.

"ಆಮೇಲೆ ಕೊಡ್ತೀನಿ ಅಕ್ಕ. ತಗಡು ಎಲ್ಲಿಗೆ ಓಡಿಹೋಗುತ್ತೆ?"

ಚಿತ್ರ ಹೆಸರು ಮಾಡಿತು. ಪ್ರತಿಗಳು ಕೊಂಡವರ ಮನೆ ಸೇರಿದವು. ತನಗೆಂದು ಎತ್ತಿಟ್ಟಿದ್ದವನ್ನೂ ಮಸಿ ಹೊಗಳಿದವರ ಕೈಗೆ ಕೊಟ್ಟು ಕಳಿಸಿದಳು. ಆ ಕಸುಬಿನಲ್ಲಿ ಒಂದು ನೇಮವಿದೆ: ಇಷ್ಟೇ ಎಂದು ಮೊದಲೇ ಹೇಳಿದಷ್ಟು ಪ್ರತಿ ತೆಗೆದಾದ ಮೇಲೆ ತಗಡಿಗೆ ಅಡ್ಡಗೀರು ಎಳೆಯಬೇಕು, ಮತ್ತೆ ಯಾರೂ ಕದ್ದು ಅಚ್ಚು ಹಾಕದ ಹಾಗೆ. ನೇಮದಲ್ಲಿ ಮಸಿ ಒಂದು ಕೈ ಮೇಲೆ. ಉಕ್ಕಿನ ಮೊಳೆ ಹಿಡಿದು ಹಣೆಯಿಂದ ಗಲ್ಲದವರೆಗೆ ಬಲವಾಗಿ ಎಳೆದಳು. ತಾಮ್ರದ ಪುಡಿ ಒರೆಸುವಾಗ ಅಕ್ಕ ಕೇಳಿದ್ದು ನೆನಪಾಯಿತು.

ಗೀರು ಬಿದ್ದ ತಗಡಿನಿಂದಲೇ ಒಂದು ಪ್ರತಿ ತೆಗೆದು, ಕೆಳಗೆ 'ಅಕ್ಕ' ಎಂದು ಬರೆದು ಅಂಗಡಿಗೆ ಒಯ್ದಳು.

"ಮುಖದ ಮೇಲೆ ಇದೇನೇ?"

"ನಾನೇ ಎಳೆದೆ ಅಕ್ಕ. ನಿಂಗೆ ಕೊಡೋದು ಮರೆತೇಹೋಯ್ತು."

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅಕ್ಕ ನಕ್ಕಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಮಸಿಗೆ. ಅಕ್ಕ ಕೆಳಗಿನ ಹೆಸರನ್ನು ಬೆರಳಿನಿಂದ ಮುಟ್ಟಿದಳು. "ಗೀರು ಬಿದ್ದ ಮೇಲೆ ಇದು ನಾನಾಯ್ತಾ?"

ಮಸಿಗೆ ಕೆಟ್ಟ ಮೇಲೆ ಬುದ್ಧಿ ಬಂದಿತ್ತು, ಏನು ಪ್ರಯೋಜನ? "ಇನ್ನೊಂದು ಸಲ ಕೂತ್ಕೋ ಅಕ್ಕ. ಹೊಸ ತಗಡು ಮಾಡ್ತೀನಿ, ನಿನ್ನ ಹೆಸರಲ್ಲೇ" ಎಂದಳು.

ಅಕ್ಕ ಸೂಜಿಗೆ ದಾರ ಪೋಣಿಸುತ್ತಾ ತಲೆ ಅಲ್ಲಾಡಿಸಿದಳು.

"ಬೇಡ ಕಣೇ. ಆವಾಗ ಕೂತಿದ್ದೆನಲ್ಲ, ಕೊನೆಗೂ ಒಬ್ಬರಾದರೂ ನನ್ನ ಮುಖ ಸರಿಯಾಗಿ ನೋಡ್ತಿದ್ದಾರೆ ಅಂದ್ಕೊಂಡಿದ್ದೆ."