ಹೂಂ ಅನ್ನುವ ತನಕ

ಕಾವೇರಿಯ ರೆಕಾರ್ಡ್ ಪುಸ್ತಕವನ್ನು ಖಲೀಲ ಸರ್ ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಹರ್ತಿ ಊರ ಮಾಯಾ ಮಾಡಿದ ತಪ್ಪು ಬೆಳ್ಳಟ್ಟಿ ಊರ ಕಾವೇರಿ ಪುಸ್ತಕದಾಗ ಹೆಂಗ ಬಂತವಾ? ಬಸ್ ಹತ್ತಿ ಬಂತೇನ?"

ಕಂಪ್ಯೂಟರ್ ಲ್ಯಾಬಿನಲ್ಲಿ ಎಲ್ಲರೂ ನಕ್ಕರು, ಮಾಯಾ ಕೂಡ. ಕಾವೇರಿಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

ಸರ್ ದನಿ ತಗ್ಗಿಸಿದರು. "ನಿಮ್ಮ ಆಯಿ ತೀರಿಕೊಂಡಿದ್ದು ಗೊತ್ತೈತಿ. ಹದಿನೈದು ದಿನ ಬರಲಿಲ್ಲ, ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಇವತ್ತ ನನ್ನ ಮುಂದ ಒಂದು ಪ್ರೋಗ್ರಾಮ್ ನೀನ ಬರೀಬೇಕು. ಇಲ್ಲಾಂದ್ರ ಸಹಿ ಇಲ್ಲ. ಸಹಿ ಇಲ್ಲಾಂದ್ರ ಪರೀಕ್ಷಾಕ್ಕ ಕುಂಡ್ರಾಕ ಬರಂಗಿಲ್ಲ."

"ಹೌದ್ರಿ," ಎಂದಳು ಕಾವೇರಿ. ಹದಿನೈದು ದಿನದಿಂದ ಅವಳು ಯಾರಿಗೂ ಹೂಂ ಎಂದಿರಲಿಲ್ಲ.

ಸರ್ ಕೊಟ್ಟ ಕೆಲಸ ಸಣ್ಣದು. ಪರದೆಯ ಮೇಲೆ ಒಂದು ಸಾಲು ಬರಬೇಕು, ಪ್ರತಿ ಸಲ 'ಮುಂದೆ?' ಎಂದು ಕೇಳಬೇಕು. ಒಂದು ಒತ್ತಿದರೆ ಅದೇ ಸಾಲು ಮತ್ತೆ. ಸೊನ್ನೆ ಒತ್ತಿದರೆ ಮುಗಿಯುವ ಸಾಲೊಂದು ಬಂದು ಎಲ್ಲ ನಿಲ್ಲಬೇಕು. ಯಾವ ಸಾಲು ಎಂದು ಸರ್ ಹೇಳಲಿಲ್ಲ. ಕಾವೇರಿಯ ಬೆರಳುಗಳು ತಾವೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದವು: ಹುಡುಗಿ ಇನ್ನೊಂದು ಬಾಗಿಲು ತೆರೆದಳು.

ಅದು ಅವಳ ಅಜ್ಜಿ, ಆಯಿ ಹೇಳುತ್ತಿದ್ದ ಕಥೆ. ಕುಂಬಾರರ ಹುಡುಗಿಯೊಬ್ಬಳು ಕಳೆದ ಕರು ಹುಡುಕುತ್ತ ಒಂದು ಅರಮನೆ ಹೊಕ್ಕಿದ್ದಳು. ಬಾಗಿಲು ತೆರೆದರೆ ಒಳಗೆ ಇನ್ನೊಂದು ಬಾಗಿಲು. ಪ್ರತಿ ಬಾಗಿಲಿಗೂ ಕಾವೇರಿ ಹೂಂ ಅನ್ನಬೇಕು. "ನೀ ಹೂಂ ಅನ್ನಲಿಲ್ಲಾಂದ್ರ ಆಕಿ ಹೊಸ್ತಿಲದಾಗ ನಿಂತಬಿಡತಾಳ ನೋಡು," ಎನ್ನುತ್ತಿದ್ದಳು ಆಯಿ ತಿಪ್ಪವ್ವ. ಇಷ್ಟು ವರ್ಷವಾದರೂ ಆ ಕರು ಸಿಕ್ಕಿರಲಿಲ್ಲ.

ಪ್ರೋಗ್ರಾಮ್ ಓಡಿಸಿದಳು. 'ಮುಂದೆ?' ಎಂದು ಒಮ್ಮೆ ಕೇಳಿತು. ಒಂದು ಒತ್ತಿದಳು. ಬಾಗಿಲ ಮೇಲೆ ಬಾಗಿಲು ತೆರೆಯುತ್ತ ಪರದೆ ತುಂಬಿ ಹರಿಯಿತು. ಸೊನ್ನೆ ಒತ್ತಿದಳು. ನಿಲ್ಲಲಿಲ್ಲ.

"ನಿನ್ನ ಹುಡಿಗಿ ಮುಂಡರಗಿ ದಾಟಿ ಹೊಂಟ್ಲಲೇ, ಹಿಡಿ ಆಕೀನ್ನ," ಎಂದಳು ಪಕ್ಕದಲ್ಲಿದ್ದ ಮಾಯಾ.

ಸರ್ ಬಂದು ಬಗ್ಗಿ ನೋಡಿದರು. "ಕೇಳೋ ಸಾಲು, ತಿರುಗಿ ತಿರುಗಿ ಓಡೋ ಲೂಪಿನ ಹೊರಗ ಇಟ್ಟೀಯಲ್ಲ. ಒಮ್ಮೆ ಕೇಳಿ ಸುಮ್ಮನಾದ್ರ ಹೆಂಗ? ಆ ಕಡೆ ಮಂದಿ ಅದಾರೋ ಎದ್ದು ಹೋದ್ರೋ, ಪ್ರತಿ ಸಲ ನೋಡಬೇಕವಾ."

"ಹೌದ್ರಿ."

ಆಯಿ ಹೋದ ಆ ಮಧ್ಯಾಹ್ನವೂ ಕಾವೇರಿ ಹಾಗೆ ನೋಡಿರಲಿಲ್ಲ. ಆಯಿಯ ಹಾಸಿಗೆಯ ಪಕ್ಕ ಕುಳಿತು ಮಾಯಾಳ ರೆಕಾರ್ಡ್ ನಕಲು ಮಾಡುತ್ತಿದ್ದಳು. ಮೈಯಲ್ಲಿ ಹುಷಾರಿಲ್ಲದ ಆಯಿ ಗೋಡೆಯ ಕಡೆ ಮುಖ ಮಾಡಿ ಕಥೆ ಹೇಳುತ್ತಿದ್ದಳು, ಕಾವೇರಿ ಹೂಂ ಹೂಂ ಎನ್ನುತ್ತ ಬರೆಯುತ್ತಿದ್ದಳು. ಎರಡು ಪುಟ ತುಂಬಿದವು. ಅವ್ವ ಚಹಾ ತಂದು, "ಯಾರಿಗೆ ಹೂಂ ಅನ್ನಾಕತ್ತೀಯಲೇ?" ಎಂದಾಗಲೇ ಅವಳು ತಲೆ ಎತ್ತಿದ್ದು. ಆಯಿಯ ದನಿ ಯಾವಾಗ ನಿಂತಿತ್ತೋ ತಿಳಿಯದು. ಎಷ್ಟು ಹೂಂ ಬರೀ ಗೋಡೆಗೆ ಹೋಗಿದ್ದವೋ ಅದೂ ತಿಳಿಯದು. ಮಣ್ಣು ಮಾಡುವ ಹೊತ್ತಿಗೆ ಹೆಂಗಸರು, "ಅಳವಾ, ಅತ್ತಬಿಡು," ಎಂದು ಬೆನ್ನು ತಟ್ಟಿದರೆ, ಅವಳು ಬೆರಳಿಗೆ ಹತ್ತಿದ್ದ ನೀಲಿ ಮಸಿ ತಿಕ್ಕುತ್ತ ನಿಂತಿದ್ದಳು.

ಈಗ ಕೇಳುವ ಸಾಲನ್ನು ಎತ್ತಿ ಲೂಪಿನೊಳಗೆ ಇಟ್ಟಳು. ಮುಗಿಯುವ ಸಾಲು ಉಳಿದಿತ್ತು. ಆಯಿಯ ಕಥೆ ಹೇಗೆ ಮುಗಿಯುತ್ತದೋ ಅವಳಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಕುಳಿತು, ಕಡೆಗೆ ಏನೋ ಒಂದು ಬರೆದು ಓಡಿಸಿದಳು.

ಮುಂದೆ? ಒಂದು. ಬಾಗಿಲು ತೆರೆಯಿತು. ಮುಂದೆ? ಒಂದು. ಇನ್ನೊಂದು ಬಾಗಿಲು. ಈ ಸಲ ಯಂತ್ರ ಅವಳಿಗಾಗಿ ಕಾಯುತ್ತಿತ್ತು, ಅವಳು ಒತ್ತದಿದ್ದರೆ ಮಿಸುಕುತ್ತಿರಲಿಲ್ಲ. ಒಂದು. ಒಂದು. ಒಂದು.

"ಆತಲ್ಲ, ನಿಲ್ಲಿಸು," ಎಂದಳು ಮಾಯಾ. "ಎಷ್ಟ ಬಾಗಲಾ ತಗಸ್ತಿ? ಕೈ ಸೋತು ಬಿದ್ದಾಳು ಪಾಪ."

ಗಂಟೆ ಹೊಡೆಯಿತು. ಹುಡುಗರು ಚೀಲ ಏರಿಸಿಕೊಂಡು ಹೊರಟರು. ಖಲೀಲ ಸರ್ ಪೆನ್ನು ತೆರೆದು ಅವಳ ಹಿಂದೆ ನಿಂತರು. "ನಡೀತದ, ಖರೆ. ನಿಲ್ಲತದೋ ಇಲ್ಲೋ ನೋಡದ ಸಹಿ ಹೆಂಗ ಮಾಡ್ಲಿ? ಸೊನ್ನಿ ಒತ್ತವಾ."

ಕಾವೇರಿ ಒಂದು ಒತ್ತಿದಳು. ಮತ್ತೊಂದು ಬಾಗಿಲು.

"ಸೊನ್ನಿ, ಕಾವೇರಿ."

ಅವಳ ಬೆರಳು ಕೀಲಿಗಳ ಸಾಲಿನ ಆ ತುದಿಗೆ ಸರಿಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಒತ್ತಿತು.

ಹುಡುಗಿ ಹೊಸ್ತಿಲಲ್ಲಿ ನಿಂತಳು, ಎಂದು ಪರದೆ ಬರೆಯಿತು. ಆಮೇಲೆ ಏನೂ ಬರಲಿಲ್ಲ.

ಸರ್ ಪುಸ್ತಕ ಬಿಚ್ಚಿ ಸಹಿ ಮಾಡಿದರು. ಪರದೆಯನ್ನು ಇನ್ನೊಮ್ಮೆ ಓದಿ, "ಅಲ್ಲೇ ನಿಂತಳೇನು?" ಎಂದರು.

"ಹೂಂ," ಎಂದಳು ಕಾವೇರಿ.

ಸರ್ ಆಗಲೇ ಆಚೆ ಸಾಲಿನ ಕಂಪ್ಯೂಟರುಗಳನ್ನು ಬಂದ್ ಮಾಡುತ್ತಿದ್ದರು. ಆ ಕಡೆ ಮಂದಿ ಇದ್ದಾರೋ ಎಂದು ಅವಳು ಅವರತ್ತ ತಿರುಗಿ ಒಂದು ಸಲ ನೋಡಿದಳು.