ಮಾಳಮ್ಮ ನಗುವ ಜಾಗ

“ಎರಡನೇ ಅಡ್ವಟೈಜ್ ಮುಗೀತು. ಇನ್ನ ನಿನ್ನ ಹೇಣ್ತಿ ಬರ್ತಾಳ, ಸೀದಾ ಕುಂದ್ರು,” ಎಂದು ಯಾಕೂಬಸಾಬ ಶಿವರಾಯನ ಬೆನ್ನ ಹಿಂದೆ ಇನ್ನೊಂದು ದಿಂಬು ಸೇರಿಸಿದ.

“ನೀ ಮೊದಲ ಸರಿ. ನಿನ್ನ ತಲಿ ಟಿವಿಗೆ ಅಡ್ಡ ಅದ.”

“ನನ್ನ ತಲ್ಯಾಗ ಏನದಲೇ? ಖಾಲಿ ಕೊಡ. ಆ ಕಡಿಂದ ಈ ಕಡಿ ಕಾಣ್ತದ ನೋಡು.”

ಶಿವರಾಯ ನಗಲಿಲ್ಲ. ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದು ಏಳು ತಿಂಗಳಾಗಿತ್ತು. ಗೊಬ್ಬೂರಿನ ಆ ಮನೆಯ ಪಡಸಾಲೆಯಲ್ಲಿ ಅವನ ಮಂಚ, ಎದುರಿಗೆ ಟಿವಿ, ಟಿವಿಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ, ಅದರ ಪಕ್ಕಕ್ಕೆ ಮಾಳಮ್ಮನ ಫೋಟೋ. ಕುತ್ತಿಗೆ ಎಷ್ಟು ಹೊರಳುತ್ತದೋ ಅಷ್ಟೇ ಈಗ ಅವನ ಊರು. ಫೋಟೋ ಅಂದರೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದು. ತೆಗೆಯುವಾಗ ಅವನ್ಯಾವನೋ ಬಾಯಿ ಮುಚ್ಚು ಅಂದಿದ್ದನಂತೆ. ಹಾಗಾಗಿ ಮಾಳಮ್ಮ ಸತ್ತ ಮೇಲೆ ನಾಲ್ಕು ವರ್ಷದಿಂದ ಗೋಡೆಯ ಮೇಲೆ ಬಾಯಿ ಮುಚ್ಚಿಕೊಂಡೇ ಇದ್ದಾಳೆ.

ಅವಳು ಬಾಯಿ ತೆರೆದು ನಗುತ್ತಿದ್ದುದು ಒಂದೇ ಕಡೆ. ಇಪ್ಪತ್ತು ವರ್ಷದ ಹಿಂದೆ ‘ಗದ್ದಲ ಗೌಡ್ರು’ ಎಂಬ ನಗೆ ಧಾರಾವಾಹಿಯವರು ಊರ ಗೌಡರ ವಾಡೆಯಲ್ಲಿ ಶೂಟಿಂಗಿಗೆ ಬಂದಿದ್ದರು. ನೀರು ಕೇಳಿಕೊಂಡು ಬರುವ ಹೆಣ್ಣುಮಗಳೊಬ್ಬಳು ಬೇಕಾಗಿತ್ತು. ಕೇರಿಗೆ ಬಂದು ಮಾಳಮ್ಮನನ್ನು ಕರೆದುಕೊಂಡು ಹೋದರು. ಮಾತಿಲ್ಲ, ಕತೆಯಿಲ್ಲ. ವಾಡೆಯ ಕಟ್ಟೆಯ ಕೆಳಗೆ ಬೊಗಸೆಯೊಡ್ಡಿ ನಿಲ್ಲಬೇಕು. ಗೌಡ ಮೇಲಿನಿಂದ ಚೊಂಬಿನ ನೀರು ಹೊಯ್ಯುತ್ತ ಸೀನಬೇಕು, ನೀರೆಲ್ಲ ಅವಳ ಮುಖಕ್ಕೆ ಬೀಳಬೇಕು. ಆಮೇಲೆ ಟಿವಿಯವರು ಸೇರಿಸುವ ಯಂತ್ರದ ನಗು, ಹೋ ಅಂತ.

ಶಿವರಾಯನಿಗೂ ಅಲ್ಲೊಂದು ಕೆಲಸ ಹಚ್ಚಿದ್ದರು. ಬೆಳ್ಳಿಬಣ್ಣದ ಹಾಳೆ ಅಂಟಿಸಿದ ಹಲಗೆ ಹಿಡಿದು ಕ್ಯಾಮೆರಾದ ಮಗ್ಗುಲಿಗೆ ನಿಂತು ಬಿಸಿಲನ್ನು ಹೆಂಡತಿಯ ಮುಖಕ್ಕೆ ತಿರುಗಿಸುವುದು. ‘ಮೇಲೆ, ಇನ್ನೂ ಮೇಲೆ’ ಎಂದು ಅವರು ಕೂಗುತ್ತಿದ್ದರು. ನೀರು ಬಿದ್ದ ಕ್ಷಣಕ್ಕೇ ಗಾಳಿ ಬೀಸಿ ಶಿವರಾಯ ಹಲಗೆ ಸಮೇತ ಹೋಗಿ ಸಗಣಿ ಗುಡ್ಡೆಯಲ್ಲಿ ಕೂತುಬಿಟ್ಟ. ಸೆರಗಿನಿಂದ ಮುಖ ಒರೆಸುತ್ತಿದ್ದ ಮಾಳಮ್ಮ ಅದನ್ನು ಕಂಡು ನಕ್ಕಳು. ಅಷ್ಟೂ ಹಲ್ಲು ಬಿಟ್ಟು, ಹೊಟ್ಟೆ ಹಿಡಿದುಕೊಂಡು. ಅವರು ಅದನ್ನೂ ಹಾಗೇ ಇಟ್ಟುಕೊಂಡರು. ಟಿವಿಯಲ್ಲಿ ನೋಡಿದವರಿಗೆ ಅವಳು ಗೌಡನ ತಮಾಷೆಗೆ ನಕ್ಕಂತೆ ಕಾಣುತ್ತಿತ್ತು. ಅವಳು ಯಾರನ್ನು ನೋಡಿ ನಕ್ಕಳೆಂಬುದು ಶಿವರಾಯನಿಗೆ ಗೊತ್ತಿತ್ತು. ಅವಳು ಅವತ್ತು ತೊಟ್ಟಿದ್ದ ಜಂಪರು ಹೊಲಿದುಕೊಟ್ಟು ಅಲ್ಲೇ ನಿಂತಿದ್ದ ಯಾಕೂಬಸಾಬನಿಗೆ ಗೊತ್ತಿತ್ತು. ಮೂರನೆಯವರಿಗಿಲ್ಲ.

ಧಾರಾವಾಹಿ ಈಗ ಮಧ್ಯಾಹ್ನ ಮರಳಿ ಮರಳಿ ಬರುತ್ತದೆ. ಒಂದು ಸುತ್ತು ಮುಗಿಯಲು ಆರು ತಿಂಗಳು. ಆರು ತಿಂಗಳಿಗೊಮ್ಮೆ ಮಾಳಮ್ಮ ಬಂದು ಗಂಡನನ್ನು ನೋಡಿ ನಕ್ಕು ಹೋಗುತ್ತಿದ್ದಳು. ಆ ಹೊತ್ತಿಗೆ ಮಗಳು ಪಂಚಶೀಲಾ ಅಫಜಲಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿರುತ್ತಾಳೆ.

ಮಗಳ ಸಂಕಟ ಬೇರೆ. ಈ ಮಳೆಗಾಲದಲ್ಲಿ ಯಾರೋ ಆ ದೃಶ್ಯದ ತುಣುಕನ್ನು ‘ಗಣಿತ ಟೀಚರ್ ಅವ್ವ’ ಎಂದು ಬರೆದು ಮೊಬೈಲಿನಲ್ಲಿ ಹರಿಬಿಟ್ಟರು. ನೀರು, ಸೀನು, ಯಂತ್ರದ ನಗು, ಅಷ್ಟಕ್ಕೇ ಮುಗಿಯುವ ತುಣುಕು. ಒಂದು ದಿನ ಅವಳು ಬೋರ್ಡಿನಿಂದ ಹಿಂದಕ್ಕೆ ತಿರುಗಿದಾಗ ಕೊನೆಯ ಬೆಂಚಿನಲ್ಲಿ ನಾಲ್ಕು ಬೊಗಸೆಗಳು ಎದ್ದಿದ್ದವು. ಅಂದೇ ಸಂಜೆ ಚಾನೆಲ್ಲಿನವರಿಗೆ ಅರ್ಜಿ ಬರೆದಳು.

“ಅಪ್ಪಾ, ಇಲ್ಲಿ ಸಹಿ ಮಾಡು. ನೀ ಮಾಡಿದ್ರ ಅರ್ಜಿಗಿ ತೂಕ ಬರ್ತದ.”

“ಅದ್ರಾಗ ನಿಮ್ಮವ್ವ ನಕ್ಕಾಳಲ್ಲವ್ವಾ…”

“ಅಳಬಾರ್ದಂತ ನಕ್ಕಾಳಪ್ಪಾ. ಮ್ಯಾಲಿಂದ ನೀರ ಹೊಯ್ಸಿಕೊಂಡಾಕಿ ಖುಷಿಲಿಂದ ನಗ್ತಾಳೇನು?”

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಶಿವರಾಯನ ಅಪ್ಪ ಅದೇ ಕಟ್ಟೆಯ ಕೆಳಗೆ ಬೊಗಸೆಯೊಡ್ಡಿ ನಿಂತವನು. ಆಗ ಕ್ಯಾಮೆರಾ ಇರಲಿಲ್ಲ, ಅಷ್ಟೇ. ಮಗಳು ಪೆನ್ನು ಅವನ ಕೈಗಿಟ್ಟಳು. ಶಿವರಾಯ ಸಹಿ ಮಾಡಿದ. ಮಾಡುವಾಗ ಅವನಿಗೊಂದು ಧೈರ್ಯವೂ ಇತ್ತು. ಕೇರಿಯ ನಳಕ್ಕೆ ಅರ್ಜಿ, ಮಸಣದ ದಾರಿಗೆ ಅರ್ಜಿ, ಬೀದಿಯ ದೀಪಕ್ಕೆ ಅರ್ಜಿ. ಹೀಗೆ ಅವನು ಆಯುಷ್ಯದುದ್ದಕ್ಕೂ ಸಹಿ ಮಾಡಿದ ಒಂದು ಅರ್ಜಿಗೂ ಯಾರೂ ಉತ್ತರ ಕೊಟ್ಟವರಲ್ಲ. ಇದಕ್ಕೂ ಕೊಡುವುದಿಲ್ಲ. ಮಗಳಿಗೂ ಸಮಾಧಾನ, ಮಾಳಮ್ಮನೂ ಇದ್ದಲ್ಲೇ ಇರುತ್ತಾಳೆ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ವಿಷಾದಿಸುತ್ತೇವೆ, ಆ ಭಾಗವನ್ನು ಎಲ್ಲ ಕಡೆಯಿಂದಲೂ ತೆಗೆಯುತ್ತೇವೆ ಎಂದು ಬರೆದಿದ್ದರು. ಪಂಚಶೀಲಾ ಎರಡು ಸಲ ಗಟ್ಟಿಯಾಗಿ ಓದಿ ಹೇಳಿ ಕೇರಿಗೆಲ್ಲ ಪೇಢೆ ಹಂಚಿದಳು. ಶಿವರಾಯನೂ ಒಂದು ತಿಂದ. ಬರೆಯುವುದು ಬೇರೆ, ಮಾಡುವುದು ಬೇರೆ ಎಂದುಕೊಂಡ. ಯಾಕೂಬಸಾಬ ಆಗ ಮಗಳ ಮನೆಗೆಂದು ಜೇವರ್ಗಿಗೆ ಹೋಗಿದ್ದ; ಬಂದ ಮೇಲೂ ಅವನಿಗೆ ಹೇಳಲು ಶಿವರಾಯನಿಗೆ ಬಾಯಿ ಬರಲಿಲ್ಲ.

ಈಗ ಟಿವಿಯಲ್ಲಿ ಗೌಡ ಕಟ್ಟೆಗೆ ಬಂದ. ಆಕಳಿಸಿದ. ಕೈಯಲ್ಲಿ ಚೊಂಬು. ಶಿವರಾಯ ಮಂಚದ ಅಂಚು ಹಿಡಿದುಕೊಂಡ. ಗೌಡ ಕೆಳಗೆ ನೋಡಲು ಬಗ್ಗಿದ.

ಬಗ್ಗಿದವನು ಮರುಗಳಿಗೆಗೆ ಬೆನ್ನು ತೋರಿಸಿ ಒಳಗೆ ಹೋಗುತ್ತಿದ್ದ. ಚೊಂಬು ಕಟ್ಟೆಯ ಮೇಲೆ ಮಗುಚಿ ಬಿದ್ದಿತ್ತು. ಕೆಳಗಿನ ಕಲ್ಲು ಒದ್ದೆಯಾಗಿತ್ತು. ಅಲ್ಲಿ ಯಾರೂ ಇರಲಿಲ್ಲ. ಯಂತ್ರದ ನಗುವಿನ ಬಾಲವೊಂದು ಉಳಿದಿತ್ತು, ಅದೂ ನಿಂತಿತು.

“ಏ, ಏನಾತಿದು? ಕರೆಂಟ್ ಹೋಗಿ ಬಂತೇನು?” ಯಾಕೂಬಸಾಬ ಎದ್ದು ಟಿವಿಯ ತಲೆಗೆ ಬಡಿದ.

“ಅದಕ್ಕ್ಯಾಕ ಬಡೀತಿ? ಆ ಜಾಗ ತಗದಾರ.”

“ಯಾರಲೇ ತಗದವ್ರು?”

“ನಾನೇ.”

ಶಿವರಾಯ ಎಲ್ಲ ಹೇಳಿದ. ಯಾಕೂಬಸಾಬ ಟೋಪಿ ತೆಗೆದು ಮತ್ತೆ ಇಟ್ಟುಕೊಂಡ. “ದಿವಾನಾ ಇದ್ದೀಯೇನು? ಮಗಳಿಗಿ ಖರೇ ಹೇಳು. ಇನ್ನೊಂದು ಅರ್ಜಿ ಬರೀಲಿ, ವಾಪಸ್ ಹಾಕ್ರಿ ಅಂತ.”

“ಹ್ಯಾಂಗ ಹೇಳ್ಲಿ? ಆಕಿ ಕ್ಲಾಸಿನ್ಯಾಗ ಎದ್ದ ಬೊಗಸಿ ಈಗ ಕೆಳಗ ಇಳದಾವ. ನನಗ ಒಂದ ಗಳಿಗಿ ನಗಿ ಬೇಕಂತ ಮತ್ತ ಎಬ್ಬಿಸ್ಲೇನು?”

ಯಾಕೂಬಸಾಬ ಟಿವಿ ಆರಿಸಿದ. ನಮಾಜಿನ ಕೂಗು ಕೇಳಿದ ಮೇಲೆ, ಶಿವರಾಯನ ಕಾಲಿನ ಮೇಲಿನ ಚಾದರ ಸರಿಪಡಿಸಿ ಎದ್ದುಹೋದ.

ಸಂಜೆ ಶಾಲೆಯಿಂದ ಬಂದ ಪಂಚಶೀಲಾ ಚಪ್ಪಲಿ ಬಿಡುತ್ತಲೇ ಕೇಳಿದಳು, “ಇವತ್ತ ಅದು ಬರೂದಿತ್ತಲ್ಲಪ್ಪಾ, ಬಂತೇನು?”

“ಬಂತು.”

“ಅವ್ವ?”

“ಇಲ್ಲ.”

ಅವಳು ಬಾಗಿಲ ಚೌಕಟ್ಟಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟಳು. “ಇನ್ನ ಯಾರೂ ನಗಂಗಿಲ್ಲ.”

“ಹೌದವ್ವಾ,” ಎಂದ ಶಿವರಾಯ. “ಇನ್ನ ಯಾರೂ ನಗಂಗಿಲ್ಲ.”

ಸ್ಟೀಲ್ ತಾಟಿನಲ್ಲಿ ಚುರುಮುರಿ ಸುಸಲಾ ಹಾಕಿಕೊಟ್ಟು ಅವಳು ಚಹಾ ಇಡಲು ಒಳಗೆ ಹೋದಳು. ಬಹಳ ದಿನದ ಮೇಲೆ ಏನೋ ಗುನುಗುತ್ತಿದ್ದಳು. ಶಿವರಾಯ ಮಗಳಿಗಾಗಿ ತಾಟು ಖಾಲಿ ಮಾಡಿದ. ಪಡುವಣ ಬಾಗಿಲಿನಿಂದ ಇಳಿಬಿಸಿಲು ಮಂಚದವರೆಗೂ ಬಂದಿತ್ತು. ತಾಟು ಅಲುಗಿದಾಗ ಎದುರುಗೋಡೆಯ ಮೇಲೆ ಬೆಳಕಿನ ತುಂಡೊಂದು ಜಿಗಿಯಿತು. ಆರಿದ ಟಿವಿಯ ಮೇಲೆ ಬಿತ್ತು, ಕ್ಯಾಲೆಂಡರಿನ ಮೇಲೆ ಹರಿಯಿತು. ಅವನು ಎರಡೂ ಕೈಯಿಂದ ತಾಟು ಹಿಡಿದ. ಮೇಲೆ. ಇನ್ನೂ ಮೇಲೆ.

“ಅಪ್ಪಾ, ಚಾಕ್ಕ ಸಕ್ರಿ ಜಾಸ್ತಿ ಹಾಕ್ಲೇನು?” ಎಂದು ಒಳಗಿನಿಂದ ಕೇಳಿತು.

ಬೆಳಕು ಮಾಳಮ್ಮನ ಮುಚ್ಚಿದ ಬಾಯಿಯ ಮೇಲೆ ಬಂದು ನಿಂತಿತ್ತು. ತಾಟು ಅಲುಗೀತೆಂದು ಶಿವರಾಯ ಮಾತಾಡಲಿಲ್ಲ.