ಸೋಫಾದ ಮೇಲಿನ ಬೆಕ್ಕು

ಜಾಹೀರಾತು ಕಚೇರಿಯಲ್ಲಿ ಅವನಿಗೆ ಜಗಮಗ ಅಂತಲೇ ಹೆಸರು. ವೆಬ್ ಪುಟಗಳಲ್ಲಿ ಬರುವ ಜಾಹೀರಾತುಗಳನ್ನು ಮಾಡುವುದು ಅವನ ಕೆಲಸ. ಕುಣಿಯದ, ಮಿನುಗದ ಜಾಹೀರಾತು ಅವನ ಕೈಯಿಂದ ಹೊರಬಿದ್ದದ್ದೇ ಇಲ್ಲ. ಸೋಫಾ ಅಂಗಡಿಯವರ ಕೆಲಸ ಬಂದಾಗಲಂತೂ ಒಂದು ಬೆಕ್ಕನ್ನು ಸೋಫಾದ ಮೇಲೆ ಹಾರಿಸಿದ, ದಿಂಬುಗಳನ್ನು ಗಾಳಿಗೆ ತೂರಿದ, ಸಾಲದೆಂದು ಹಾಡನ್ನೂ ಸೇರಿಸಿದ.

"ಇಷ್ಟೆಲ್ಲ ಹೊತ್ಕೊಂಡು ಹೋಗೋಕೆ ಪುಟ ಏನು ಲಾರಿನಾ?" ಎಂದಳು ಪಕ್ಕದ ಮೇಜಿನ ಪ್ರೋಗ್ರಾಮರ್.

"ನನ್ನ ಕಂಪ್ಯೂಟರಲ್ಲಿ ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಬರುತ್ತೆ," ಎಂದು ಅವನು ಮೂಗು ಮುರಿದ.

ಮುಂದಿನ ಭಾನುವಾರ ಅವನ ಅಕ್ಕ ತವರಿಗೆ ಬಂದವಳು, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ನಿಲ್ದಾಣದಲ್ಲಿ ಬಸ್ಸಿನ ವೇಳೆ ನೋಡಲು ಮೊಬೈಲಿನಲ್ಲಿ ವೆಬ್ ಪುಟ ತೆರೆದರೆ ಪರದೆಯೆಲ್ಲ ಬೆಳ್ಳಗೆ.

"ವೇಳೆ ಬರ್ಲಿಲ್ಲ, ಬೆಕ್ಕಿನ ಬಾಲ ಬಂತು! ಪೂರ್ತಿ ಬರ್ಲಿ ಅಂತ ತಲೆ ತಗ್ಗಿಸಿ ಕಾಯ್ತಾ ನಿಂತೆ, ಬಸ್ಸು ಎದುರಲ್ಲೇ ಹೊರಟುಹೋಯ್ತು. ಯಾವ ಪುಣ್ಯಾತ್ಮ ಮಾಡಿದ್ನೋ!"

ಜಗಮಗ ಊಟದ ತಟ್ಟೆಯಿಂದ ಮುಖ ಎತ್ತಲಿಲ್ಲ.

"ನೀನೂ ಒಂದು ಬೆಕ್ಕು ತೋರಿಸಿದ್ದೆಯಲ್ಲೋ, ಸೋಫಾ ಮೇಲೆ ಹಾರೋದು?" ಎಂದರು ಅಮ್ಮ. ಪಾಪ, ಅವರಿಗೇನು ಗೊತ್ತು.

ಅಕ್ಕನಿಗೆ ಅಷ್ಟು ಸಾಕಾಯಿತು. ತಮ್ಮನ ರಟ್ಟೆ ಹಿಡಿದು ನಿಲ್ದಾಣಕ್ಕೆ ಕರೆದೊಯ್ದು, ತನ್ನ ಹಳೆಯ ಮೊಬೈಲನ್ನು ಅವನ ಕೈಗಿಟ್ಟಳು. "ನೋಡಿ ಹೇಳಪ್ಪಾ ಕಲಾವಿದ, ಮುಂದಿನ ಬಸ್ಸು ಎಷ್ಟೊತ್ತಿಗೆ?"

ಅವನು ಪರದೆಯನ್ನು ತಿಕ್ಕಿದ, ಮೊಬೈಲನ್ನು ಮೇಲೆತ್ತಿ ಹಿಡಿದ. ಬೆಕ್ಕಿನ ಕಿವಿಯೊಂದು ಕಾಣಿಸುವಷ್ಟರಲ್ಲಿ ಬಸ್ಸೇ ಬಂದು ನಿಂತಿತು. ಅವನ ಕಿವಿ ಕೆಂಪಾಯಿತು.

ಸೋಮವಾರ ತಾನಾಗಿಯೇ ಪಕ್ಕದ ಮೇಜಿಗೆ ಹೋದ. "ಹಗುರ ಮಾಡೋದು ಹೇಗೆ, ಸ್ವಲ್ಪ ತೋರಿಸ್ತೀಯಾ?"

ಪ್ರೋಗ್ರಾಮರ್ ನಗು ತಡೆದುಕೊಂಡು ಕುರ್ಚಿ ಎಳೆದುಕೊಟ್ಟಳು. ಹಾಡು ಹೋಯಿತು, ದಿಂಬುಗಳು ಹೋದವು, ಬೆಕ್ಕು ಹಾರುವ ವಿಡಿಯೊವೂ ಹೋಯಿತು. ಒಂದೊಂದನ್ನು ತೆಗೆಯುವಾಗಲೂ ಅವನದೊಂದು ನಿಟ್ಟುಸಿರು. ಕೊನೆಗೆ ಉಳಿದದ್ದು ಸೋಫಾದ ಮೇಲೆ ಮಲಗಿದ ಬೆಕ್ಕಿನ ಪುಟ್ಟ ಚಿತ್ರ. ಅದೂ ಪುಟದ ವಿಷಯವೆಲ್ಲ ತೆರೆದುಕೊಂಡ ಮೇಲಷ್ಟೇ ಬರುವಂತೆ ಅವಳು ಹೊಂದಿಸಿದಳು.

"ಬೆಕ್ಕು ಯಾಕ್ರೀ ಮಲಗಿಬಿಟ್ಟಿದೆ?" ಎಂದರು ಸೋಫಾ ಅಂಗಡಿಯ ಯಜಮಾನರು.

"ಸೋಫಾ ಅಷ್ಟು ಸುಖವಾಗಿದೆ ಸಾರ್," ಎಂದ ಜಗಮಗ.

ಅವರಿಗೆ ಖುಷಿಯೋ ಖುಷಿ.

ಕೆಲವು ದಿನ ಕಳೆದು ಅಕ್ಕನ ಫೋನು ಬಂತು. "ಮುಟ್ಟಿದ ಕೂಡ್ಲೇ ವೇಳೆ ಬಂತು ಕಣೋ, ಬಸ್ಸೂ ಸಿಕ್ತು. ಸೀಟಲ್ಲಿ ಕೂತ್ಕೊಂಡು ನಿನ್ನ ಬೆಕ್ಕನ್ನೂ ನೋಡ್ದೆ. ಮುದ್ದಾಗಿದೆ."

ಅವನು ಉಬ್ಬಿಹೋದ.

"ಆದ್ರೆ ಆ ಸೋಫಾ ಬಣ್ಣ ಯಾರು ಆರಿಸಿದ್ದು? ನಮ್ಮ ಆಸ್ಪತ್ರೆ ಗೋಡೆಗೂ ಅದನ್ನ ಬಳಿಯಲ್ಲ!"